ಹಲ್ಲು ಕೀಳಲು ತೋಳ್ಬಲ ಬೇಕೆ, ಪರವಾನಗಿ ಬೇಕೆ? ದಂತವೈದ್ಯೆ ಲಿಲಿಯನ್ ಲಿಂಡ್ಸೆ ಅವರ ಬದುಕು

ನಿಮ್ಮ ಊರಿನ ಯಾವುದೇ ದಂತ ಚಿಕಿತ್ಸಾಲಯಕ್ಕೆ ಹೋದರೂ ಗೋಡೆಯ ಮೇಲೆ ಚೌಕಟ್ಟು ಹಾಕಿದ ಒಂದು ಪ್ರಮಾಣಪತ್ರ ಇರುವುದನ್ನು ನೋಡಿರುತ್ತೀರಿ. ಅದರಲ್ಲಿ ಡೆಂಟಲ್ ಕೌನ್ಸಿಲ್‌ನ ಮುದ್ರೆ ಇರುತ್ತದೆ, ಒಂದು ನೋಂದಣಿ ಸಂಖ್ಯೆ ಇರುತ್ತದೆ. ಹಲ್ಲುನೋವಿನಲ್ಲಿ ಕೆನ್ನೆ ಹಿಡಿದು ಕೂತವರಿಗೆ ಅದನ್ನು ಓದುವ ವ್ಯವಧಾನ ಎಲ್ಲಿಂದ ಬರಬೇಕು! ಆದರೆ ಆ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ನಾಲ್ಕು ವರ್ಷದ ಬಿ.ಡಿ.ಎಸ್. ಓದು, ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಸಿ, ಅಂಕಪಟ್ಟಿ, ಪದವಿ ಪತ್ರಗಳನ್ನೆಲ್ಲ ಜೋಡಿಸಿ ಅರ್ಜಿ ಹಾಕಿದ ಮೇಲೆ ಸಿಗುವ ಪರವಾನಗಿ ಅದು.

ಈ ಅರ್ಜಿ ಹಾಕುವ ಪದ್ಧತಿ ಬಹಳ ಹಳೆಯದೇನಲ್ಲ. ಬ್ರಿಟನ್ನಿನಂತಹ ದೇಶದಲ್ಲೂ ನೂರೈವತ್ತು ವರ್ಷಗಳ ಹಿಂದೆ ಯಾರು ಬೇಕಾದರೂ ಹಲ್ಲು ಕೀಳಬಹುದಿತ್ತು. ಕ್ಷೌರಿಕರು, ಕಮ್ಮಾರರು, ಔಷಧದ ಅಂಗಡಿಯವರು, ಜಾತ್ರೆಯಲ್ಲಿ ಡೋಲು ಬಾರಿಸಿಕೊಂಡು ಜನ ಸೇರಿಸುತ್ತಿದ್ದವರು ಎಲ್ಲರೂ ಕೀಳುತ್ತಿದ್ದರು. ಅಂಥ ಕಾಲದಲ್ಲಿ, ಪರವಾನಗಿ ಇಲ್ಲದೆಯೂ ಈ ಕೆಲಸ ಮಾಡಬಹುದು ಎಂದಿದ್ದಾಗ, ಒಬ್ಬ ಹುಡುಗಿ ಪರವಾನಗಿಯೇ ಬೇಕೆಂದು ಹಟ ಹಿಡಿದರು. ಲಂಡನ್ನಿನ ಆಸ್ಪತ್ರೆಯೊಂದು ಅವರನ್ನು ಬಾಗಿಲೊಳಗೂ ಬಿಟ್ಟುಕೊಳ್ಳದೆ ಫುಟ್‌ಪಾತಿನಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿತು. ಅವರೇ ಲಿಲಿಯನ್ ಲಿಂಡ್ಸೆ. ಬ್ರಿಟನ್ನಿನಲ್ಲಿ ಪರೀಕ್ಷೆ ಬರೆದು ದಂತವೈದ್ಯಕೀಯದ ಪರವಾನಗಿ ಪಡೆದ ಮೊದಲ ಮಹಿಳೆ.

ಮುಖ್ಯೋಪಾಧ್ಯಾಯಿನಿಗೆ ಎದುರಾಡಿದ ಹುಡುಗಿ

ಮದುವೆಗೆ ಮುಂಚಿನ ಅವರ ಹೆಸರು ಲಿಲಿಯನ್ ಮರ್ರೆ. ಹುಟ್ಟಿದ್ದು 1871ರ ಜುಲೈ 24ರಂದು, ಉತ್ತರ ಲಂಡನ್ನಿನ ಹಾಲೋವೇ ಎಂಬಲ್ಲಿ. ಹನ್ನೊಂದು ಮಕ್ಕಳಲ್ಲಿ ಮೂರನೆಯವರು. ಅಷ್ಟು ದೊಡ್ಡ ಸಂಸಾರದಲ್ಲಿ ಹೆಣ್ಣುಮಕ್ಕಳು ಓದಬೇಕೆಂದರೆ ವಿದ್ಯಾರ್ಥಿವೇತನವೇ ಗತಿ. ಲಿಲಿಯನ್ ಅದನ್ನು ಗಳಿಸಿ ನಾರ್ತ್ ಲಂಡನ್ ಕಾಲೇಜಿಯೇಟ್ ಶಾಲೆ ಸೇರಿದರು. ಆ ಶಾಲೆಯ ಮುಖ್ಯಸ್ಥೆ ಫ್ರಾನ್ಸಿಸ್ ಬಸ್ ಸಾಮಾನ್ಯರಲ್ಲ. ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ದುಡಿದವರ ಸಾಲಿನಲ್ಲಿ ಮುಂದೆ ನಿಲ್ಲುವ ಹೆಸರು ಅವರದು.

ಆದರೆ ಹೆಣ್ಣುಮಕ್ಕಳು ಓದಬೇಕು ಎನ್ನುವವರೆಲ್ಲ, ಅವರು ತಮಗಿಷ್ಟವಾದದ್ದನ್ನು ಓದಲಿ ಎನ್ನುತ್ತಾರೆ ಎಂದೇನಿಲ್ಲ. ಲಿಲಿಯನ್ ಕಿವುಡ ಮಕ್ಕಳ ಶಿಕ್ಷಕಿಯಾಗಬೇಕೆಂದು ಬಸ್ ತೀರ್ಮಾನಿಸಿಬಿಟ್ಟಿದ್ದರು. ಲಿಲಿಯನ್ ಒಪ್ಪಲಿಲ್ಲ. ಹಾಗಾದರೆ ಬೇರೆ ಯಾವುದನ್ನೂ ಮಾಡದಂತೆ ತಡೆಯುತ್ತೇನೆ ಎಂದು ಆ ಹಿರಿಯಾಕೆ ಗದರಿದಾಗ, ನಾನು ದಂತವೈದ್ಯೆಯಾಗುವುದನ್ನು ನಿಮ್ಮಿಂದ ತಡೆಯಲಾಗದು ಎಂದು ಹುಡುಗಿ ಮಾರುತ್ತರ ಕೊಟ್ಟರಂತೆ. ವಿದ್ಯಾರ್ಥಿವೇತನ ಹೋಯಿತು, ಶಾಲೆಯೂ ಹೋಯಿತು. ಆಡಿದ ಮಾತು ಮಾತ್ರ ಉಳಿಯಿತು.

ಆಗಿನ ಕಾನೂನು ಏನಿತ್ತು?

ಲಿಲಿಯನ್ ಅವರಿಗೆ ಒಂದು ಸುಲಭದ ದಾರಿ ತೆರೆದೇ ಇತ್ತು. ಅದನ್ನು ತಿಳಿದುಕೊಂಡರೆ ಅವರು ಹಿಡಿದ ದಾರಿ ಎಷ್ಟು ಕಷ್ಟದ್ದು ಎಂಬುದು ಅರ್ಥವಾಗುತ್ತದೆ.

ದಂತವೈದ್ಯಕೀಯಕ್ಕೆಂದೇ ಒಂದು ಪರವಾನಗಿ ಪರೀಕ್ಷೆ ಲಂಡನ್ನಿನಲ್ಲಿ ಶುರುವಾದದ್ದು 1860ರಲ್ಲಿ, ಅಲ್ಲಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನಿಂದ. ಲೈಸೆನ್ಷಿಯೇಟ್ ಇನ್ ಡೆಂಟಲ್ ಸರ್ಜರಿ, ಚಿಕ್ಕದಾಗಿ ಎಲ್.ಡಿ.ಎಸ್., ಎಂದು ಅದರ ಹೆಸರು. ಆದರೆ ಈ ಪರೀಕ್ಷೆ ಪಾಸಾಗಲೇಬೇಕೆಂಬ ಕಡ್ಡಾಯ ಇರಲಿಲ್ಲ. 1878ರಲ್ಲಿ ಬ್ರಿಟಿಷ್ ಸಂಸತ್ತು ಡೆಂಟಿಸ್ಟ್ಸ್ ಆಕ್ಟ್ ಎಂಬ ಕಾನೂನು ತಂದಿತು. ದಂತವೈದ್ಯರ ನೋಂದಣಿ ಪುಸ್ತಕವೊಂದನ್ನು ತೆರೆದು, ಅದರಲ್ಲಿ ಹೆಸರಿರುವವರು ಮಾತ್ರ ತಮ್ಮನ್ನು ಡೆಂಟಿಸ್ಟ್ ಎಂದು ಕರೆದುಕೊಳ್ಳಬಹುದು ಎಂದಿತು. ಗಮನಿಸಿ, ಕಾನೂನು ಕಾಪಾಡಿದ್ದು ಹೆಸರನ್ನು, ಕೆಲಸವನ್ನಲ್ಲ. ನೋಂದಣಿ ಇಲ್ಲದವನು ಹಲ್ಲು ಕೀಳುವುದಕ್ಕಾಗಲಿ, ಹಲ್ಲಿನ ಸೆಟ್ ಕಟ್ಟಿಕೊಡುವುದಕ್ಕಾಗಲಿ ಅಡ್ಡಿ ಇರಲಿಲ್ಲ. ಬೋರ್ಡಿನಲ್ಲಿ ಡೆಂಟಿಸ್ಟ್ ಎಂದು ಬರೆಯದೆ, ಇಲ್ಲಿ ಕೃತಕ ಹಲ್ಲು ಕಟ್ಟಲಾಗುವುದು, ನೋವಿಲ್ಲದೆ ಹಲ್ಲು ತೆಗೆಯಲಾಗುವುದು ಎಂದು ಬರೆದರೆ ಸಾಕಿತ್ತು!

ಇನ್ನೊಂದು ಸಡಿಲಿಕೆಯೂ ಇತ್ತು. ಕಾನೂನು ಬರುವ ಮುಂಚೆಯೇ ಈ ಕಸುಬು ಮಾಡುತ್ತಿದ್ದವರು ಯಾವ ಪರೀಕ್ಷೆಯೂ ಇಲ್ಲದೆ ಹೆಸರು ಬರೆಸಿಕೊಳ್ಳಬಹುದಿತ್ತು. ಹೀಗಾಗಿ ಮೊದಲ ನೋಂದಣಿ ಪುಸ್ತಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದರೂ ಅವರಲ್ಲಿ ಎಲ್.ಡಿ.ಎಸ್. ಪಾಸಾದವರು ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ನಮ್ಮಲ್ಲಿ 1948ರ ದಂತವೈದ್ಯರ ಕಾಯ್ದೆ ಬಂದಾಗಲೂ ಇಂಥದ್ದೇ ಏರ್ಪಾಡು ಮಾಡಬೇಕಾಯಿತು. ಮಾನ್ಯತೆ ಪಡೆದ ಪದವಿ ಇದ್ದವರನ್ನು ನೋಂದಣಿಯ ಎ ಭಾಗಕ್ಕೂ, ಪದವಿ ಇಲ್ಲದೆಯೇ ಅದಾಗಲೇ ವರ್ಷಗಟ್ಟಲೆ ಕಸುಬು ಮಾಡಿಕೊಂಡಿದ್ದವರನ್ನು ಬಿ ಭಾಗಕ್ಕೂ ಸೇರಿಸಲಾಯಿತು. ಹೊಸ ಕಾನೂನು ತರುವಾಗ ಹಳಬರ ಹೊಟ್ಟೆಪಾಡನ್ನು ಕಿತ್ತುಕೊಳ್ಳಲಾಗದು, ನಿಜ. ಆದರೆ ಇದರ ಅರ್ಥ, ಕಾನೂನು ಬಂದ ಎಷ್ಟೋ ವರ್ಷಗಳವರೆಗೆ ರೋಗಿಗೆ ಯಾರು ಕಲಿತವರು, ಯಾರು ಕಲಿಯದವರು ಎಂದು ತಿಳಿಯುವುದು ಕಷ್ಟವಾಗಿಯೇ ಉಳಿಯಿತು.

ಹಾಗಾಗಿ ಲಿಲಿಯನ್ ಯಾರದಾದರೂ ಕೈಕೆಳಗೆ ಕಸುಬು ಕಲಿತು, ಡೆಂಟಿಸ್ಟ್ ಎಂಬ ಹೆಸರೊಂದನ್ನು ಬಿಟ್ಟು ಬಾಡಿಗೆ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡಿದ್ದರೆ ಪೊಲೀಸರು ಬಂದು ಹಿಡಿಯುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ಅದಲ್ಲ.

ಮೊದಲು ಮೂರು ವರ್ಷ ಲಂಡನ್ನಿನ ದಂತವೈದ್ಯರೊಬ್ಬರ ಬಳಿ ಶಿಷ್ಯವೃತ್ತಿ ಮಾಡಿದರು. ಎಲ್.ಡಿ.ಎಸ್. ಬೇಕೆಂದರೆ ಅದು ಕಡ್ಡಾಯವಾಗಿತ್ತು. ಅಲ್ಲಿ ಕಲಿಸುತ್ತಿದ್ದದ್ದು ಮುಖ್ಯವಾಗಿ ಕಟ್ಟುಹಲ್ಲು ತಯಾರಿಸುವ ಕೈಕೆಲಸ. ರೋಗಿಯ ಬಾಯಿಯ ಅಚ್ಚು ತೆಗೆಯಬೇಕು, ಅದರಿಂದ ಪ್ಲಾಸ್ಟರಿನ ಪ್ರತಿರೂಪ ಎರಕ ಹೊಯ್ಯಬೇಕು, ಮೇಣದಲ್ಲಿ ವಸಡಿನ ಆಕಾರ ಮಾಡಿ ಪಿಂಗಾಣಿ ಹಲ್ಲುಗಳನ್ನು ಕೂರಿಸಬೇಕು, ಆಮೇಲೆ ಮೇಣದ ಜಾಗಕ್ಕೆ ಗಂಧಕ ಬೆರೆಸಿದ ರಬ್ಬರು ತುಂಬಿ ಹಬೆಯ ಒತ್ತಡದಲ್ಲಿ ಬೇಯಿಸಿ ಗಟ್ಟಿ ಮಾಡಬೇಕು. ವಲ್ಕನೈಟ್ ಎನ್ನುತ್ತಿದ್ದರು ಆ ಗಟ್ಟಿ ರಬ್ಬರಿಗೆ. ಅದು ಬರುವ ಮುಂಚೆ ಸೆಟ್ಟನ್ನು ದಂತದಲ್ಲೋ ಚಿನ್ನದಲ್ಲೋ ಮಾಡಿಸಬೇಕಿತ್ತು, ಸಿರಿವಂತರಿಗಷ್ಟೇ ಎಟಕುತ್ತಿತ್ತು. ವಲ್ಕನೈಟ್‌ನಿಂದಾಗಿ ಸಾಧಾರಣ ಜನರ ಬಾಯಿಗೂ ಹಲ್ಲು ಬಂತು.

ಫುಟ್‌ಪಾತಿನ ಸಂದರ್ಶನ

1892ರಲ್ಲಿ ಲಿಲಿಯನ್ ಲಂಡನ್ನಿನ ಗ್ರೇಟ್ ಪೋರ್ಟ್‌ಲ್ಯಾಂಡ್ ಸ್ಟ್ರೀಟಿನಲ್ಲಿದ್ದ ನ್ಯಾಷನಲ್ ಡೆಂಟಲ್ ಹಾಸ್ಪಿಟಲ್‌ಗೆ ಪ್ರವೇಶ ಕೋರಿ ಅರ್ಜಿ ಹಾಕಿದರು. ಡೀನ್ ಹೆನ್ರಿ ವೈಸ್ ಅವರನ್ನು ಭೇಟಿಯೇನೋ ಮಾಡಿದರು, ಆದರೆ ಆಸ್ಪತ್ರೆಯ ಹೊರಗೆ, ರಸ್ತೆ ಬದಿಯಲ್ಲಿ. ಒಳಗೆ ಹೆಣ್ಣೊಬ್ಬಳು ಕಾಲಿಟ್ಟರೆ ಗಂಡು ವಿದ್ಯಾರ್ಥಿಗಳ ಗಮನ ಕೆಡುತ್ತದೆ ಎಂಬುದು ಅವರ ಅಳುಕು. ನಮ್ಮ ಊರುಗಳಲ್ಲಿ ಪರವಾನಗಿ ಇಲ್ಲದೆ ಹಲ್ಲು ಕಟ್ಟುವವರು ಫುಟ್‌ಪಾತಿನಲ್ಲಿ ಕೂರುವುದನ್ನು ನೋಡಿದ್ದೇವೆ. ಇಲ್ಲಿ ಪರವಾನಗಿ ಬೇಕೆಂದು ಬಂದವರನ್ನೇ ಫುಟ್‌ಪಾತಿನಲ್ಲಿ ನಿಲ್ಲಿಸಲಾಯಿತು. ಡೀನ್ ಸಾಹೇಬರು ಪ್ರವೇಶ ಕೊಡಲಿಲ್ಲವಾದರೂ ಒಂದು ಉಪಕಾರ ಮಾಡಿದರು. ಎಡಿನ್‌ಬರ್ಗ್‌ನಲ್ಲಿ ಕೇಳಿ ನೋಡಲು ಸೂಚಿಸಿದರು.

ಎಡಿನ್‌ಬರ್ಗ್ ಏಕೆ? ಇಂಗ್ಲೆಂಡಿನ ರಾಯಲ್ ಕಾಲೇಜ್ ಆಗ ತನ್ನ ಯಾವ ಪರೀಕ್ಷೆಗೂ ಮಹಿಳೆಯರನ್ನು ಕೂರಿಸುತ್ತಿರಲಿಲ್ಲ. ಲಂಡನ್ ಆಸ್ಪತ್ರೆ ಸೇರಿಸಿಕೊಂಡಿದ್ದರೂ ಕೊನೆಗೆ ಪರವಾನಗಿ ಕೊಡುವವರು ಬಾಗಿಲು ಮುಚ್ಚುತ್ತಿದ್ದರು. ಎಡಿನ್‌ಬರ್ಗ್ ಸಹ ಒಂದು ಕಾಲದಲ್ಲಿ ಕಡಿಮೆ ಏನಿರಲಿಲ್ಲ. 1870ರಲ್ಲಿ ಸೋಫಿಯಾ ಜೆಕ್ಸ್-ಬ್ಲೇಕ್ ಮತ್ತು ಸಂಗಡಿಗರು ಅಂಗರಚನಾಶಾಸ್ತ್ರದ ಪರೀಕ್ಷೆ ಬರೆಯಲು ಸರ್ಜನ್ಸ್ ಹಾಲ್‌ಗೆ ಬಂದಾಗ ಗಂಡು ವಿದ್ಯಾರ್ಥಿಗಳ ಗುಂಪು ದಾರಿಗೆ ಅಡ್ಡ ನಿಂತು, ಕೆಸರೆರಚಿ ಗಲಾಟೆ ಮಾಡಿತ್ತು. ಆ ಜಗಳ ವ್ಯರ್ಥವಾಗಲಿಲ್ಲ. 1886ರಲ್ಲಿ ಸ್ಕಾಟ್ಲೆಂಡಿನ ಕಾಲೇಜುಗಳು ತಮ್ಮ ವೈದ್ಯಕೀಯ ಪರೀಕ್ಷೆಯನ್ನು ಮಹಿಳೆಯರಿಗೆ ತೆರೆದವು. ಲಿಲಿಯನ್ ಬರುವ ಹೊತ್ತಿಗೆ ಹಾದಿ ಅಷ್ಟಾದರೂ ಸವೆದಿತ್ತು. (ಅಮೆರಿಕ ಈ ವಿಷಯದಲ್ಲಿ ಮುಂದಿತ್ತು. ಅಲ್ಲಿ ಲೂಸಿ ಹಾಬ್ಸ್ ಎಂಬಾಕೆ 1866ರಲ್ಲೇ ದಂತವೈದ್ಯಕೀಯ ಪದವಿ ಪಡೆದಿದ್ದರು.)

ಎಡಿನ್‌ಬರ್ಗ್ ದಂತ ಆಸ್ಪತ್ರೆಯ ಡೀನ್ ಬೋಮನ್ ಮೆಕ್ಲೌಡ್ ಯಾವ ಕೊಂಕೂ ಇಲ್ಲದೆ ಸೇರಿಸಿಕೊಂಡರು. ನಗರದ ಹೆಸರಾಂತ ವೈದ್ಯ ಹೆನ್ರಿ ಲಿಟಲ್‌ಜಾನ್ ಮಾತ್ರ, ನೀವು ಯಾರೋ ಒಬ್ಬ ಬಡಪಾಯಿ ಗಂಡಸಿನ ಅನ್ನ ಕಸಿಯುತ್ತಿದ್ದೀರಿ ಎಂಬ ಅರ್ಥದ ಮಾತಾಡಿ ನೋಯಿಸಿದರು. ಹನ್ನೊಂದು ಮಕ್ಕಳ ಮನೆಯಿಂದ, ಸಾಲ ಮಾಡಿ ಓದಲು ಬಂದವರಿಗೂ ಅನ್ನದ ಚಿಂತೆ ಇರುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲವೇನೋ.

ಹೆಣ್ಣಿನ ಕೈಗೆ ಹಲ್ಲು ಬರುತ್ತದೆಯೇ?

ಮಹಿಳೆಯರನ್ನು ಈ ವೃತ್ತಿಯಿಂದ ದೂರ ಇಡಲು ಹೇಳುತ್ತಿದ್ದ ಕಾರಣಗಳಲ್ಲಿ ಒಂದು, ಹಲ್ಲು ಕೀಳುವಷ್ಟು ಶಕ್ತಿ ಅವರಿಗಿಲ್ಲ ಎಂಬುದು. ಇಂದಿಗೂ ಹಳ್ಳಿಗಳಲ್ಲಿ ದವಡೆ ಹಲ್ಲು ಕೀಳಿಸಲು ಗಟ್ಟಿಮುಟ್ಟಾದ ಡಾಕ್ಟರೇ ಬೇಕು ಎನ್ನುವವರಿದ್ದಾರೆ. ಇದು ನಿಜವೇ?

ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ಮೂಳೆಗೆ ಅಂಟಿಕೊಂಡಿರುವುದಿಲ್ಲ. ಬೇರಿಗೂ ದವಡೆ ಮೂಳೆಗೂ ನಡುವೆ ಕೂದಲಿಗಿಂತ ಸ್ವಲ್ಪ ಹೆಚ್ಚಿನ ದಪ್ಪದ ನಾರಿನ ಪದರವೊಂದಿದೆ. ಹಲ್ಲನ್ನು ಹಿಡಿದಿಟ್ಟಿರುವುದು ಆ ನಾರುಗಳು. ದಂತವೈದ್ಯರು ಹಲ್ಲನ್ನು ಮೇಲಕ್ಕೆ ಎಳೆಯುವುದಿಲ್ಲ. ಇಕ್ಕಳದಿಂದ ಹಲ್ಲಿನ ಕುತ್ತಿಗೆಯನ್ನು ಹಿಡಿದು ಮೊದಲು ಬೇರಿನ ಕಡೆಗೇ ಒತ್ತುತ್ತಾರೆ. ಆಮೇಲೆ ನಿಧಾನವಾಗಿ ಆಚೀಚೆ ವಾಲಿಸುತ್ತಾರೆ. ಒಂದೇ ದುಂಡನೆಯ ಬೇರಿರುವ ಮುಂದಿನ ಹಲ್ಲಾದರೆ ತುಸು ತಿರುಗಿಸುತ್ತಾರೆ. ಮೂಳೆಯ ಗೂಡು ಸ್ವಲ್ಪ ಸ್ವಲ್ಪವೇ ಅಗಲವಾಗಿ, ನಾರುಗಳು ಹರಿದು ಹಲ್ಲು ಸಡಿಲವಾದಾಗ ಅದು ತಾನಾಗಿ ಬಂದಂತೆ ಬರುತ್ತದೆ. ಸಿಟ್ಟಿನಿಂದ ಜಗ್ಗಿದರೆ ಬೇರು ಮುರಿದು ಒಳಗೇ ಉಳಿಯುತ್ತದೆ. ಹಿಂದಿನ ಕಾಲದಲ್ಲಿ ಬೀಗದ ಕೈಯಂತಹ ಸಾಧನದಿಂದ ಬಲವಾಗಿ ತಿರುವಿ ಕೀಳುತ್ತಿದ್ದಾಗ ದವಡೆಯ ಚೂರೇ ಕಿತ್ತು ಬಂದದ್ದೂ ಉಂಟು. 19ನೇ ಶತಮಾನದ ನಡುವೆ ಒಂದೊಂದು ಹಲ್ಲಿನ ಕುತ್ತಿಗೆಗೂ ಸರಿಯಾಗಿ ಕೂರುವ ಇಕ್ಕಳಗಳನ್ನು ಲಂಡನ್ನಿನ ಜಾನ್ ಟೋಮ್ಸ್ ರೂಪಿಸಿದ ಮೇಲೆ ಬಲಕ್ಕಿಂತ ಮಣಿಕಟ್ಟಿನ ಹದವೇ ಮುಖ್ಯವಾಯಿತು. ಆ ಹದ ಅಭ್ಯಾಸದಿಂದ ಬರುತ್ತದೆ, ಗಂಡು ಹೆಣ್ಣೆಂದು ನೋಡಿ ಬರುವುದಿಲ್ಲ.

ಲಿಲಿಯನ್ ಕಲಿಯುತ್ತಿದ್ದ ವರ್ಷಗಳು ಈ ವಿಜ್ಞಾನಕ್ಕೆ ಒಳ್ಳೆಯ ಕಾಲ. ಹಲ್ಲು ಏಕೆ ಹುಳುಕಾಗುತ್ತದೆ ಎಂಬುದಕ್ಕೆ ಬರ್ಲಿನ್ನಿನಲ್ಲಿದ್ದ ಅಮೆರಿಕದ ಸಂಶೋಧಕ ವಿಲ್ಲೊಬಿ ಮಿಲ್ಲರ್ 1890ರಲ್ಲಷ್ಟೇ ತಮ್ಮ ಪುಸ್ತಕದಲ್ಲಿ ಸ್ಪಷ್ಟ ವಿವರಣೆ ಕೊಟ್ಟಿದ್ದರು. ಬಾಯಿಯಲ್ಲಿ ಉಳಿದ ಪಿಷ್ಟ, ಸಕ್ಕರೆಗಳನ್ನು ಬ್ಯಾಕ್ಟೀರಿಯಾಗಳು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲಿನ ಗಟ್ಟಿ ಭಾಗವನ್ನು ಕರಗಿಸುತ್ತದೆ. ನಗೆ ಅನಿಲ ಕೊಟ್ಟು ಹಲ್ಲು ಕೀಳುವುದು ಆಗಲೇ ರೂಢಿಗೆ ಬಂದಿತ್ತು. ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿದು ತಿರುಗಿಸುವ ಡ್ರಿಲ್ ಬಂದು ಇಪ್ಪತ್ತು ವರ್ಷವಾಗಿತ್ತು.

1894ರಲ್ಲಿ ಲಿಲಿಯನ್ ದಂತ ಶಸ್ತ್ರಚಿಕಿತ್ಸೆ ಮತ್ತು ರೋಗಶಾಸ್ತ್ರಕ್ಕೆ ವಿಲ್ಸನ್ ಪದಕ ಗೆದ್ದರು. ಔಷಧಶಾಸ್ತ್ರದಲ್ಲೂ ಪದಕ ಬಂತು. 1895ರಲ್ಲಿ ಎಡಿನ್‌ಬರ್ಗ್‌ನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಅವರಿಗೆ ಗೌರವಶ್ರೇಣಿಯಲ್ಲಿ ಎಲ್.ಡಿ.ಎಸ್. ಕೊಟ್ಟಿತು. ಅದೇ ವರ್ಷ ಬ್ರಿಟಿಷ್ ಡೆಂಟಲ್ ಅಸೋಸಿಯೇಷನ್ ಅವರನ್ನು ಸದಸ್ಯೆಯಾಗಿ ಸೇರಿಸಿಕೊಂಡಿತು. ಅದರ ಮೊದಲ ಮಹಿಳಾ ಸದಸ್ಯೆ ಅವರೇ. ಅವರನ್ನು ಬೀದಿಯಲ್ಲಿ ನಿಲ್ಲಿಸಿದ ಲಂಡನ್ನಿನಲ್ಲಿ, ಅಲ್ಲಿನ ರಾಯಲ್ ಕಾಲೇಜ್ ಮಹಿಳೆಯರಿಗೆ ಬಾಗಿಲು ತೆರೆಯಲು ಇನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಸಾಲ ತೀರುವವರೆಗೆ ಮದುವೆಯಿಲ್ಲ

ಪರವಾನಗಿ ಕೈಗೆ ಬಂದೊಡನೆ ಬದುಕು ಹಸನಾಯಿತು ಎಂದುಕೊಳ್ಳಬೇಡಿ. ಎಡಿನ್‌ಬರ್ಗ್ ಆಸ್ಪತ್ರೆಯಲ್ಲಿ ರಾಬರ್ಟ್ ಲಿಂಡ್ಸೆ ಎಂಬ ದಂತವೈದ್ಯರ ಪರಿಚಯವಾಗಿತ್ತು, ಇಬ್ಬರಿಗೂ ಮನಸ್ಸು ಕೂಡಿತ್ತು. ಆದರೆ ಓದಿಗೆ ಮಾಡಿದ ಸಾಲ ತಲೆಯ ಮೇಲಿತ್ತು. ಲಿಲಿಯನ್ ಲಂಡನ್ನಿಗೆ ಹಿಂತಿರುಗಿ ಹಾರ್ನ್ಸಿ ರೈಸ್ ಎಂಬಲ್ಲಿ ಒಬ್ಬರೇ ಚಿಕಿತ್ಸಾಲಯ ನಡೆಸಿದರು. ಹತ್ತು ವರ್ಷ! 1905ರಲ್ಲಿ ರಾಬರ್ಟ್ ಅವರನ್ನು ಮದುವೆಯಾಗಿ ಎಡಿನ್‌ಬರ್ಗ್‌ಗೆ ಹೋದರು. ಮದುವೆಯಾದ ಮೇಲೆ ವೃತ್ತಿ ಬಿಡುವುದು ಆ ಕಾಲದ ವಾಡಿಕೆ. ಲಿಲಿಯನ್ ಬಿಡಲಿಲ್ಲ. ಗಂಡ ಹೆಂಡತಿ ಸೇರಿ ಹದಿನೈದು ವರ್ಷ ಒಟ್ಟಿಗೆ ರೋಗಿಗಳನ್ನು ನೋಡಿದರು.

ಈ ನಡುವೆ 1878ರ ಕಾನೂನಿನ ತೂತು ಹಿಗ್ಗುತ್ತಲೇ ಹೋಯಿತು. ನೋಂದಣಿ ಇಲ್ಲದವರ ಸಂಖ್ಯೆ ಬೆಳೆಯಿತು. 1910ರಲ್ಲಿ ಮೊಕದ್ದಮೆಯೊಂದು ಹೌಸ್ ಆಫ್ ಲಾರ್ಡ್ಸ್ ತನಕ ಹೋದಾಗ, ಮಾಡುವ ಕೆಲಸವನ್ನು ಬೋರ್ಡಿನಲ್ಲಿ ಬರೆದುಕೊಂಡರೆ ಡೆಂಟಿಸ್ಟ್ ಎಂಬ ಹೆಸರು ಕದ್ದಂತಾಗುವುದಿಲ್ಲ ಎಂದು ತೀರ್ಪು ಬಂತು. ಕೊನೆಗೆ 1921ರಲ್ಲಿ ಹೊಸ ಕಾನೂನು ಬಂದು, ನೋಂದಣಿ ಇಲ್ಲದವರು ಕೆಲಸವನ್ನೇ ಮಾಡುವಂತಿಲ್ಲ ಎಂದಾಯಿತು. ಆಗಲೂ ಹಳೆಯ ಕಸುಬುದಾರರಿಗೆ ಒಳಬರಲು ಅವಕಾಶ ಕೊಡಲಾಯಿತು. ಲಿಲಿಯನ್ ಪರವಾನಗಿ ಪಡೆದ 26 ವರ್ಷಗಳ ನಂತರ ಅದು ಎಲ್ಲರಿಗೂ ಕಡ್ಡಾಯವಾಯಿತು ಎಂಬುದು ಈ ಕತೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ.

ಆ ಕಾನೂನು ರೂಪುಗೊಳ್ಳುತ್ತಿದ್ದ ಹೊತ್ತಿಗೆ, 1920ರಲ್ಲಿ, ರಾಬರ್ಟ್ ಬ್ರಿಟಿಷ್ ಡೆಂಟಲ್ ಅಸೋಸಿಯೇಷನ್ನಿನ ಮೊದಲ ಡೆಂಟಲ್ ಸೆಕ್ರೆಟರಿಯಾಗಿ ನೇಮಕವಾದರು. ದಂಪತಿ ಲಂಡನ್ನಿನ ರಸೆಲ್ ಸ್ಕ್ವೇರ್‌ನಲ್ಲಿ ಸಂಘದ ಕಚೇರಿಯ ಮೇಲಿನ ಮನೆಗೆ ಬಂದರು. ಲಿಲಿಯನ್ ಚಿಕಿತ್ಸೆ ಮಾಡುವುದನ್ನು ನಿಲ್ಲಿಸಿ ಸಂಘಕ್ಕೊಂದು ಗ್ರಂಥಾಲಯ ಕಟ್ಟಲು ಕೂತರು. ಸಂಬಳವಿಲ್ಲದ ಗ್ರಂಥಪಾಲಕಿ. 1930ರಲ್ಲಿ ರಾಬರ್ಟ್ ತೀರಿಕೊಂಡ ಮೇಲೂ ಪುಸ್ತಕಗಳ ಕೆಲಸ ಮುಂದುವರಿಯಿತು. ಸಂಘದ ಪತ್ರಿಕೆಯ ಸಂಪಾದನೆಯಲ್ಲೂ ಇಪ್ಪತ್ತು ವರ್ಷ ಕೈಜೋಡಿಸಿದರು. 1933ರಲ್ಲಿ ದಂತವೈದ್ಯಕೀಯದ ಚಿಕ್ಕ ಚರಿತ್ರೆಯೊಂದನ್ನು ಬರೆದರು.

ಹಲ್ಲಿನ ಹುಳುವಿನ ಬೆನ್ನು ಹತ್ತಿ

ಅವರು ಮಾಡಿದ ದೊಡ್ಡ ಬರಹದ ಕೆಲಸ ಒಂದು ಅನುವಾದ. ಫ್ರಾನ್ಸಿನ ಪಿಯರ್ ಫೋಶಾರ್ 1728ರಲ್ಲಿ ಹಲ್ಲಿನ ಶಸ್ತ್ರಚಿಕಿತ್ಸೆಯ ಬಗ್ಗೆ ಎರಡು ಸಂಪುಟಗಳ ಗ್ರಂಥ ಪ್ರಕಟಿಸಿದ್ದರು. ಆಧುನಿಕ ದಂತವೈದ್ಯಕೀಯ ಅಲ್ಲಿಂದಲೇ ಶುರುವಾಯಿತು ಎನ್ನುವವರು ಬಹಳ. ಲಿಲಿಯನ್ ಮಾಡಿದ ಅದರ ಇಂಗ್ಲಿಷ್ ಅನುವಾದ 1946ರಲ್ಲಿ ಹೊರಬಂತು.

ಹಲ್ಲು ಹಾಳಾಗುವುದು ಹುಳುವಿನಿಂದ ಎಂದು ಫೋಶಾರ್ ಕಾಲದ ಜನ ನಂಬಿದ್ದರು. ನಮ್ಮ ಭಾಷೆಯಲ್ಲಂತೂ ಹುಳುಕು ಹಲ್ಲು ಎಂಬ ಮಾತಿನೊಳಗೇ ಹುಳು ಕೂತಿದೆ. ಫೋಶಾರ್ ಸೂಕ್ಷ್ಮದರ್ಶಕ ಹಿಡಿದು ಹುಡುಕಿ, ತಮಗೆ ಯಾವ ಹುಳುವೂ ಕಾಣಲಿಲ್ಲ ಎಂದು ದಾಖಲಿಸಿದರು. ಹಾಗಾದರೆ ಹಲ್ಲಿನ ಹುಳು ತೆಗೆಯುವವರು ತಟ್ಟೆಯಲ್ಲಿ ಬೀಳಿಸಿ ತೋರಿಸುತ್ತಿದ್ದದ್ದೇನು? ಯುರೋಪಿನಲ್ಲಿ ಹೆನ್‌ಬೇನ್ ಎಂಬ ಗಿಡದ ಬೀಜವನ್ನು ಕೆಂಡದ ಮೇಲೆ ಹಾಕಿ ರೋಗಿಯ ಬಾಯಿಗೆ ಹೊಗೆ ಹಿಡಿಸುತ್ತಿದ್ದರು. ಬಿಸಿಗೆ ಬೀಜ ಸಿಡಿದಾಗ ಅದರೊಳಗಿನ ಬಿಳಿಯ, ಬಾಗಿದ ಮೊಳಕೆ ಹೊರಬರುತ್ತದೆ. ನೋಡಿದವರಿಗೆ ಅದೇ ಹುಳು! ನಮ್ಮ ಹಳ್ಳಿಗಳಲ್ಲಿ ನೆಲಗುಳ್ಳದ ಬೀಜದ ಹೊಗೆ ಹಿಡಿಸುವ ಪದ್ಧತಿ ಇತ್ತು, ಕೆಲವೆಡೆ ಈಗಲೂ ಇದೆ. ನೆಲಗುಳ್ಳವೂ ಹೆನ್‌ಬೇನ್ ಕೂಡ ಬದನೆಯ ಕುಟುಂಬಕ್ಕೇ ಸೇರಿದ ಗಿಡಗಳು. ನಿಮ್ಮ ಕಡೆ ಯಾರಾದರೂ ಹಲ್ಲಿನಿಂದ ಹುಳು ಉದುರಿಸಿ ತೋರಿಸಿದರೆ, ಹೊಗೆ ಹಾಕುವ ಮುಂಚೆಯೇ ಒಂದೆರಡು ಬೀಜ ಕೇಳಿ ಪಡೆದು ಮನೆಯ ಹೆಂಚಿನ ಮೇಲೆ ಹುರಿದು ನೋಡಿ. ಹಲ್ಲಿನ ಸಹವಾಸವೇ ಇಲ್ಲದೆ ಹುಳು ಬಂದೀತು.

ಹಳೆಯ ಉಪಕರಣಗಳ ಮೇಲೂ ಲಿಲಿಯನ್ ಅವರಿಗೆ ಮೋಹವಿತ್ತು. 1919ರಲ್ಲಿ ಅವರು ಸಂಘಕ್ಕೆ ಕೊಟ್ಟ ಒಂದಿಷ್ಟು ಹಳೆಯ ದಂತ ಉಪಕರಣಗಳಿಂದಲೇ ಅದರ ವಸ್ತುಸಂಗ್ರಹಾಲಯ ಶುರುವಾಯಿತು.

1946 ಅವರ ಪಾಲಿಗೆ ತುಂಬಿದ ವರ್ಷ. ಐವತ್ತೊಂದು ವರ್ಷಗಳ ಹಿಂದೆ ಒಬ್ಬರೇ ಮಹಿಳೆಯಾಗಿ ಸೇರಿದ ಸಂಘಕ್ಕೆ ಆ ವರ್ಷ ಅಧ್ಯಕ್ಷೆಯಾದರು. ಅಲ್ಲಿಯವರೆಗೆ ಆ ಕುರ್ಚಿಯಲ್ಲಿ ಮಹಿಳೆ ಕೂತಿರಲಿಲ್ಲ. ಎಡಿನ್‌ಬರ್ಗ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, ಸರ್ಕಾರ ಸಿ.ಬಿ.ಇ. ಗೌರವ ನೀಡಿತು.

1960ರ ಜನವರಿ 31ರಂದು, 88ನೇ ವಯಸ್ಸಿನಲ್ಲಿ ಲಿಲಿಯನ್ ತೀರಿಕೊಂಡರು. ಎರಡು ವರ್ಷಗಳ ನಂತರ ದಂತವೈದ್ಯಕೀಯದ ಇತಿಹಾಸದಲ್ಲಿ ಆಸಕ್ತಿ ಇದ್ದವರು ಬ್ರಿಟನ್ನಿನಲ್ಲಿ ಒಂದು ಸಂಘ ಕಟ್ಟಿಕೊಂಡು, ಅದಕ್ಕೆ ಲಿಂಡ್ಸೆ ಸೊಸೈಟಿ ಎಂದು ಹೆಸರಿಟ್ಟರು.